ಮೊದಲ ಲೈಕು

ತಿಪಟೂರಿನಲ್ಲಿ ರೇಣುಕಪ್ಪನವರದು ಮೂಲವ್ಯಾಧಿ ಔಷಧಿಯ ಅಂಗಡಿ. ಒಂದು ಬೆಳಿಗ್ಗೆ ಅವರು ಕೆಲಸದ ವನಜಳ ಮೇಲೆ ಹರಿಹಾಯ್ದರು.

"ಫೇಸ್‌ಬುಕ್ ಪೇಜ್ ತೆರೆದು ತಿಂಗಳಾಯ್ತು, ಒಂದು ಲೈಕೂ ಇಲ್ಲ! ಸಂಜೆಯೊಳಗೆ ಗಿರಾಕಿಗಳು ಫೋಟೊ ಸಮೇತ ಕಾಮೆಂಟ್ ಹಾಕಬೇಕು. ಇಲ್ಲದಿದ್ದರೆ ನಾಳೆಯಿಂದ ಬರಬೇಡ."

"ನಮಗೆ ಬರೀ ವಾಟ್ಸಾಪ್ ನಂಬರ್ ಸಾಕು ಯಜಮಾನ್ರೇ..."

"ಸುಮ್ನಿರು! ಪಕ್ಕದ ಸೀರೆ ಅಂಗಡಿಯವರಿಗೆ ಎಷ್ಟು ಲೈಕ್ ಬರುತ್ತೆ ನೋಡು."

ಕೆಲಸ ಹೋದರೆ ಮನೆ ನಡೆಯುವುದು ಹೇಗೆ? ವನಜ ಗಿರಾಕಿಗಳಿಗೆಲ್ಲ ಫೋನ್ ಮಾಡಿದಳು. ಔಷಧಿಯ ಹೆಸರೆತ್ತಿದ ಕೂಡಲೇ ಎಲ್ಲರೂ ರಾಂಗ್ ನಂಬರ್ ಅಂದು ಇಟ್ಟುಬಿಟ್ಟರು.

ಕೊನೆಗೆ ಯಜಮಾನರ ಮುಂದೆ ಫೋನ್ ಹಿಡಿದಳು.

"ಮೊದಲನೆಯದು ನಿಮ್ಮದೇ ಆಗಲಿ. ‘ಈ ಔಷಧಿಯಿಂದ ನನಗೆ ವಾಸಿಯಾಯ್ತು’ ಅಂತ ಬರೆದು ನಿಮ್ಮ ಫೋಟೊ ಹಾಕಿದ್ದೀನಿ. ಪೋಸ್ಟ್ ಮಾಡಲಾ?"

ರೇಣುಕಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ, ಬೇಡಮ್ಮ! ಮೊನ್ನೆ ತಾನೇ ಮಗಳ ನಿಶ್ಚಿತಾರ್ಥ ಆಗಿದೆ. ಬೀಗರು ನೋಡಿಬಿಟ್ಟರೆ?"

"ಗಿರಾಕಿಗಳಿಗೂ ಬೀಗರಿದ್ದಾರೆ ಯಜಮಾನ್ರೇ."

ಮಾರನೆಯ ದಿನ ಅಂಗಡಿಯ ಬೋರ್ಡಿನಲ್ಲಿ ವಾಟ್ಸಾಪ್ ನಂಬರ್ ಮಾತ್ರ ಇತ್ತು. ಮೊದಲ ಮೆಸೇಜ್ ಬಂದದ್ದು ಪಕ್ಕದ ಸೀರೆ ಅಂಗಡಿಯವರಿಂದ.