ಕಟ್ಟಿಗೆಮನೆಯ ಸುಣ್ಣದ ಗೆರೆ

"ಗುರುಗಳೇ, ನನ್ನನ್ನು ಯಾರೂ ಬೈಯಲಿಲ್ಲ. ಆದರೂ ಈ ನಾಚಿಕೆ ಏಕೆ ನನ್ನ ಬೆನ್ನು ಬಿಡುತ್ತಿಲ್ಲ?" ಎಂದು ಶಿಷ್ಯ ಮೃತ್ಯುಂಜಯ ಕೇಳಿದ.

ಮಠಕ್ಕೆ ಬರುವ ಮೊದಲು ಅವನು ಗ್ಯಾಸಿನ ಪೇಟೆಯಲ್ಲಿ ವ್ಯಾಪಾರ ಮಾಡುತ್ತಿದ್ದ. ದೂರದ ಚಳಿದೇಶಗಳಲ್ಲಿ ಬೇಸಿಗೆಯಲ್ಲಿ ಗ್ಯಾಸನ್ನು ನೆಲದಡಿ ತುಂಬಿಸಿಟ್ಟು, ಚಳಿಗಾಲದಲ್ಲಿ ತೆಗೆದು ಉರಿಸುತ್ತಾರೆ. ಎಷ್ಟು ಉಳಿದಿದೆ ಎಂದು ವಾರಕ್ಕೊಮ್ಮೆ ಸಾರುತ್ತಾರೆ. ದಾಸ್ತಾನು ಇಳಿದಷ್ಟೂ ಬೆಲೆ ಏರಿ ಇವನಿಗೆ ಲಾಭ. ಇಳಿಯಲಿ ಎಂದು ದೇವರಿಗೆ ಹರಕೆಯನ್ನೂ ಹೊತ್ತಿದ್ದ. ದಿನಾ ಬೆಳಗ್ಗೆ ಅಲ್ಲಿನ ಹವೆಯ ಸುದ್ದಿ ನೋಡುತ್ತಿದ್ದ ಅವನನ್ನು ಕಂಡು ತಾಯಿ, "ನನ್ನ ಮಗ ಪರದೇಶದವರ ಚಳಿಗೂ ಮರುಗುತ್ತಾನೆ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಲ್ಲಿ ಮಳೆ ಹಿಡಿದರೆ ನಾಲ್ಕು ತಿಂಗಳು ಬಿಡುತ್ತಿರಲಿಲ್ಲ. ಊರವರು ಬೇಸಿಗೆಯಲ್ಲೇ ಸೇರಿ ಒಂದು ಕಟ್ಟಿಗೆಮನೆ ತುಂಬಿಸಿ, ಮಳೆಗಾಲದಲ್ಲಿ ಮನೆಗೆ ಇಷ್ಟೆಂದು ಪಾಲು ಹಂಚುತ್ತಿದ್ದರು. ಒಳಗೆ ರಾಶಿ ಎಷ್ಟೆತ್ತರ ಉಳಿದಿದೆಯೋ ಅಷ್ಟೆತ್ತರಕ್ಕೆ ಕಾವಲುಗಾರ ಪ್ರತಿ ಸಂತೆಯ ದಿನ ಸೂರಿನಡಿಯ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದ. ಗೆರೆ ತೀರ ಕೆಳಗಿಳಿದರೆ ಜನ ಕೈ ಬಿಗಿಹಿಡಿದು ಉರಿಸುತ್ತಿದ್ದರು.

ಆ ಊರಲ್ಲಿ ಒಬ್ಬ ವ್ಯಾಪಾರಿ. ಅವನ ಹಿತ್ತಲ ತುಂಬ ಅವನದೇ ಕಟ್ಟಿಗೆ. ಪಾಲು ಸಾಲದವರು ಅವನಲ್ಲಿಗೇ ಬರಬೇಕು. ಗೆರೆ ಇಳಿದರೆ ಅವನ ಬೆಲೆ ಏರುತ್ತಿತ್ತು. ಸಂತೆಯ ದಿನ ಬಂತೆಂದರೆ ಮಹಾಶಯ ಬೆಳಗ್ಗೆಯೇ ಕೊಡೆ ಹಿಡಿದು ಗೋಡೆಯ ಮುಂದೆ ಹಾಜರು. ಅವನಿಗೆ ಕೆಸರೂ ಲೆಕ್ಕಕ್ಕಿಲ್ಲ, ನೆಗಡಿಯೂ ಲೆಕ್ಕಕ್ಕಿಲ್ಲ.

ಒಂದು ವರ್ಷ ಮಳೆ ತನ್ನ ಗಡುವು ಮೀರಿತು. ವಾರವಾರವೂ ಗೆರೆ ಇಳಿಯಿತು. ವ್ಯಾಪಾರಿ ಒಳಗೊಳಗೇ ಹಿಗ್ಗಿದ. ಆದರೆ ಒಂದು ಸಂತೆಯ ದಿನ ಬಂದು ನೋಡಿದರೆ ಗೆರೆ ನಾಲ್ಕು ಬೆರಳು ಮೇಲೇರಿದೆ.

ಅವನಿಗೆ ರೇಗಿತು. "ಏನಯ್ಯಾ, ಕಣ್ಣು ಮುಚ್ಚಿಕೊಂಡು ಗೆರೆ ಎಳೆದೆಯಾ? ಇಂಥ ಮಳೆಯಲ್ಲಿ ರಾಶಿ ಬೆಳೆಯುತ್ತದೆಯೇ?"

"ಬೆಳೆದಿದೆ ಸ್ವಾಮಿ," ಎಂದ ಕಾವಲುಗಾರ. "ನೀವು ಹುಟ್ಟಿದಾಗ ನಿಮಗೆ ಬಿಸಿನೀರು ಎರೆದ ಸೂಲಗಿತ್ತಿ ಅಜ್ಜಿ ಇದ್ದಾಳಲ್ಲ, ಅವಳು ತನ್ನ ಪಾಲನ್ನು ಹೊತ್ತು ತಂದು ವಾಪಸ್ ಹಾಕಿದಳು. ಅವಳನ್ನು ನೋಡಿ ಆ ಕೇರಿಯವರೂ ತಂದರು. ಬಾಣಂತಿಯರ ನೀರಿಗಾದರೂ ಇರಲಿ ಅಂತ."

"ಹಾಗಾದರೆ ಅವಳ ಒಲೆ?"

"ಮೂರು ದಿನದಿಂದ ಹೊತ್ತಿಲ್ಲ. ಯಾಕಜ್ಜಿ ಅಂದರೆ ನಿಮ್ಮನ್ನೇ ತೋರಿಸಿದಳು. 'ಹಿತ್ತಲ ತುಂಬ ಕಟ್ಟಿಗೆ ಇರೋನು, ಅವನೇ ಮಳೇಲಿ ಕೆಸರು ತುಳಕೊಂಡು ಬಂದು ಗೆರೆ ನೋಡ್ತಾನೆ. ಊರಿನ ಚಿಂತೆ ಅವನನ್ನೇ ಅಷ್ಟು ಕಾಡೋವಾಗ ನಾನು ಬೆಚ್ಚಗೆ ಕೂತಿರೋದು ಹೇಗಪ್ಪಾ?' ಅಂದಳು."

ವ್ಯಾಪಾರಿ ನಾಚಿಕೆಯಿಂದ ಹಿಡಿಯಷ್ಟಾದ. ಕೊಡೆ ಬಿಚ್ಚುವುದನ್ನೂ ಮರೆತು ನೆನೆಯುತ್ತ ಮನೆಗೆ ನಡೆದ. ಅಂದೇ ಮಧ್ಯಾಹ್ನ ಹಿತ್ತಲ ಕಟ್ಟಿಗೆಯನ್ನೆಲ್ಲ ಗಾಡಿಗೆ ಹೇರಿ ಕಟ್ಟಿಗೆಮನೆಗೆ ಸಾಗಿಸಿದ. ದಾರಿಯಲ್ಲಿ ಅಜ್ಜಿ ಎದುರಾದಳು. ತಣ್ಣಗಿದ್ದ ಕೈಯಿಂದ ಅವನ ಕೆನ್ನೆ ಸವರಿ, "ನನಗೆ ಗೊತ್ತಿತ್ತು ಮಗಾ" ಎಂದಳು. ಅವನು ಅವಳ ಮುಖ ನೋಡಲಿಲ್ಲ.

ಮೃತ್ಯುಂಜಯನ ತಲೆಯೂ ತಗ್ಗಿತ್ತು. ಅವನು, "ನಿಜ ತಿಳಿದಿದ್ದರೆ ಆ ಅಜ್ಜಿ ಅವನನ್ನು ಬೈಯುತ್ತಿದ್ದಳಲ್ಲವೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಬೈದಿದ್ದರೆ ಅವನ ನಾಚಿಕೆ ಅಂದೇ ಮುಗಿಯುತ್ತಿತ್ತು."