ಎತ್ತರವಾದ ಗಡಿಕಲ್ಲು

ಜೌಗಿನ ಕಪ್ಪು ಮಣ್ಣಿನಲ್ಲಿ ಕುತ್ತಿಗೆಯವರೆಗೆ ಹೂತಿದ್ದ ಗಡಿಕಲ್ಲು, ಜನ ಹೊಲದ ಕಡೆಯ ಪಕ್ಕದಲ್ಲಿ ಕಾಲುವೆ ತೋಡಿ ನೀರು ಬಸಿದ ಮೇಲೆ ವರ್ಷವರ್ಷಕ್ಕೂ ಎತ್ತರವಾಯಿತು.

"ನೋಡಿದೆಯಾ ಕಪ್ಪೆರಾಯ, ಈ ವಯಸ್ಸಿನಲ್ಲೂ ಬೆಳೆಯುತ್ತಿದ್ದೇನೆ!" ಎಂದು ಬೀಗಿತು.

"ನೀನು ಇದ್ದಷ್ಟೇ ಇದ್ದೀಯ ಕಲ್ಲಣ್ಣ, ಮಣ್ಣು ಕುಸಿಯುತ್ತಿದೆ" ಎಂದಿತು ಕಪ್ಪೆ. "ನೀರಿನಡಿ ಕೊಳೆಯದೆ ಉಳಿದಿದ್ದ ಹಳೆಯ ಎಲೆ, ಬೇರುಗಳೇ ಈ ಮಣ್ಣು; ನೀರು ಹೋಗಿ ಗಾಳಿ ತಗುಲಿದ ಮೇಲೆ ಕೊಳೆತು ಗಾಳಿಯ ಪಾಲಾಗುತ್ತಿದೆ. ನಿನ್ನ ಆಚೆ ಹುಲ್ಲುಗಾವಲಿನ ಕಡೆ ಕುಸಿತ ನಿಧಾನ, ಈಚೆ ಉತ್ತು ಆಲೂಗಡ್ಡೆ ಬೆಳೆಯುವ ಕಡೆ ಬೇಗ. ಕಾಲುವೆಗೆ ಅಡ್ಡ ಮಲಗು, ಉಳಿದ ನೀರಾದರೂ ನಿಲ್ಲಲಿ."

"ಮಲಗಿದರೆ ನನ್ನ ಎತ್ತರ ಯಾರಿಗೆ ಕಾಣುತ್ತದೆ?"

ಕಪ್ಪೆ ನೀರು ಹುಡುಕಿಕೊಂಡು ಹೊರಟುಹೋಯಿತು. ಕೆಲವು ವರ್ಷಗಳಲ್ಲಿ ಕಲ್ಲು, ಮಣ್ಣು ಹೆಚ್ಚು ಕುಸಿದ ಆಲೂಗಡ್ಡೆ ಹೊಲದತ್ತ ವಾಲಿ, ಕಾಲುವೆಗೆ ಅಡ್ಡಲಾಗಿಯೇ ಬಿತ್ತು.

"ಮಲಗಿದ್ದೇನೆ, ಬಾರಯ್ಯ!" ಎಂದು ಕೂಗಿತು. ಓಗೊಡಲು ಕಪ್ಪೆಯಿರಲಿಲ್ಲ, ತಡೆಯಲು ನೀರೂ ಇರಲಿಲ್ಲ.