ಆರು ಮೊಳದ ಕತ್ತಿ

"ಕೇಳಿರಪ್ಪೋ ಕೇಳಿ! ಕಗ್ಗಲ್ಲು ಸೀಮೆಯ ದೊರೆ ಭೈರರಾಯರ ಅಪ್ಪಣೆ! ವಂಶದ ಆರು ಮೊಳದ ಕತ್ತಿಯ ಮೇಲೆ ರಾಜಕುಮಾರಿ ಹೊನ್ನಾಜಿ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಕುಮಾರಿಯ ಕೈ, ಅರ್ಧ ರಾಜ್ಯ. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆದಂಡ!"

ಒಗಟು ಕುಮಾರಿಯದು, ತಲೆದಂಡದ ಅಪ್ಪಣೆ ದೊರೆಯದು. ಡಂಗುರ ಸಾರಿ ಮೂರು ವಾರದಲ್ಲಿ ಹದಿನೇಳು ಮಂದಿ ಸೋತು ಸೆರೆ ಸೇರಿದರು. ಅವರಲ್ಲೊಬ್ಬ ಗರಡಿಯ ಪೈಲ್ವಾನ ಮಂಚಯ್ಯ. ಅವನ ತಮ್ಮ ಜವರ ಊರಾಚೆಯ ತೋಟದಲ್ಲಿ ಏತದ ಆಳು. ಒಂದು ತುದಿಗೆ ನೀರಿನ ಬಾನಿ ಕಟ್ಟಿ ನಡುಗಂಬದ ಮೇಲಿಟ್ಟ ಉದ್ದನೆಯ ಮರದ ಮೇಲೆ ದಿನವಿಡೀ ಹಿಂದೆ ಮುಂದೆ ನಡೆದು ಬಾವಿಯ ನೀರೆತ್ತುವುದೇ ಅವನ ಕೆಲಸ. ಅಮಾವಾಸ್ಯೆಗೆ ಒಂದೇ ದಿನ ಉಳಿದಾಗ ಅವನು ಮರದಿಂದ ಇಳಿದು ಅರಮನೆಯ ದಾರಿ ಹಿಡಿದ.

ಸಭೆಯ ನಡುವೆ ಎರಡು ಕಲ್ಲಿನ ಮೇಲೆ ಕತ್ತಿ ಮಲಗಿತ್ತು. ಅದರ ಹಿಡಿಯೇ ಒಂದೂವರೆ ಮೊಳ. ಬಂದವರಿಗೆ ಭಯವಿರಲಿ ಎಂದು ಸೋತವರನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದ್ದರು. ಒಬ್ಬೊಬ್ಬನ ಎರಡು ಕಾಲಿಗೂ ಕಬ್ಬಿಣದ ಗುಂಡು.

"ಯಾಕೋ ಬಂದೆ?" ಮಂಚಯ್ಯನ ದನಿ ಒಡೆಯಿತು. "ಇಬ್ಬರೂ ಸತ್ತರೆ ಮನೇಲಿ ದೀಪ ಹಚ್ಚೋರು ಯಾರೋ?"

ಜವರ ಒಗಟು ಬಿಡಿಸಬಂದವರ ಹಿಂದೆ ನಿಂತ. ಅವನಿಗಿಂತ ಮುಂದೆ ಇಬ್ಬರಿದ್ದರು. ಕುಮಾರಿ ಮೊದಲ ಒಗಟು ಕೇಳಿದಳು: "ಅದೇ ಕತ್ತಿ, ಅದೇ ಕೈ. ನೆಟ್ಟಗೆ ನಿಂತರೆ ಕೂಸು, ಅಡ್ಡ ಮಲಗಿದರೆ ಬೆಟ್ಟ. ಯಾಕೆ?"

"ನೆಲಕ್ಕೆ ಹತ್ತಿರವಾದಷ್ಟೂ ಭೂಮಿತಾಯಿ ಜೋರಾಗಿ ಎಳೆಯುತ್ತಾಳೆ," ಎಂದ ನೆರೆಯ ರಾಜಕುಮಾರ.

"ಅಲ್ಲ."

"ಕತ್ತಿಗೆ ಮಂತ್ರ ಹಾಕಿದೆ," ಎಂದ ಆಸ್ಥಾನದ ಪಂಡಿತ.

"ಅಲ್ಲ," ಎನ್ನುವಾಗ ಕುಮಾರಿಯ ತುಟಿ ನಡುಗಿತು. ಭಟರು ಆ ಇಬ್ಬರ ಕಾಲಿಗೂ ಗುಂಡು ಬಿಗಿದರು; ಸಪ್ಪಳ ಮಾಡುತ್ತ ಅವರು ಗೋಡೆಯ ಕಡೆ ನಡೆದರು. ಸೋತವರು ಹತ್ತೊಂಬತ್ತಾದರು.

ಜವರ ಮುಂದೆ ಬಂದ. "ನಿಂತ ಕತ್ತಿಯ ತೂಕ ನೇರ ಮುಷ್ಟಿಯ ಮೇಲೆ ಕೂರುತ್ತೆ, ತಾಯಿ. ಹೊತ್ತರೆ ಸಾಕು. ಅಡ್ಡ ಹಿಡಿದರೆ ಅದೇ ತೂಕ ಕೈಯಿಂದ ಆಚೆ ಹೋಗಿ ನಿಂತು ಮಣಿಕಟ್ಟು ತಿರುಚುತ್ತೆ. ಬೆಳೆದದ್ದು ಭಾರ ಅಲ್ಲ, ದೂರ. ಏತದ ಮೇಲೆ ನಾನೂ ಅಷ್ಟೆ. ನಡುಗಂಬದ ಹತ್ತಿರ ನಿಂತರೆ ಬಾನಿ ಅಲುಗಲ್ಲ, ತುದಿಗೆ ನಡೆದರೆ ಎದ್ದು ಬರುತ್ತೆ."

ಕುಮಾರಿ ಮುಂದಕ್ಕೆ ಬಾಗಿದಳು. "ಸರಿ. ಅವಳಿ ಜವಳಿ ಇಬ್ಬರು. ಅಂಟಿಕೊಂಡು ಕೂತರೆ ಸೋಲುತ್ತಾರೆ. ದೂರ ಸರಿದು, ಒಬ್ಬ ಎಳೆದಾಗ ಇನ್ನೊಬ್ಬ ತಳ್ಳಿದರೆ ಗೆಲ್ಲುತ್ತಾರೆ. ಯಾರವರು?"

ಜವರ ಕತ್ತಿಯನ್ನೇ ನೋಡಿದ. ಅಷ್ಟುದ್ದದ ಹಿಡಿ ಯಾಕೆ? ಅಂದಕ್ಕಂತೂ ಅಲ್ಲ. "ನನ್ನ ಎರಡು ಕೈ, ತಾಯಿ. ಒಂದು ಅಲಗಿನ ಬುಡದಲ್ಲಿ, ಒಂದು ಹಿಡಿಯ ತುದಿಯಲ್ಲಿ. ಮುಂದಿನದು ತಳ್ಳಿದಾಗ ಹಿಂದಿನದು ಎಳೆದರೆ ಎರಡೂ ಸೇರಿ ಕತ್ತಿಯನ್ನು ಒಂದೇ ಕಡೆ ತಿರುಗಿಸುತ್ತವೆ. ಒತ್ತಟ್ಟಿಗಿದ್ದರೆ ಆ ಬಲ ಸಿಗಲ್ಲ."

"ಸರಿ. ಕಡೆಯದು: ಭಾರ ಹೇರಿದರೆ ಹಗುರಾಗುವುದು ಹೇಗೆ? ಬಾಯಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಬೇಕು."

ಜವರ ಹಿಡಿಯನ್ನು ಅಲಗಿನ ಬುಡದಲ್ಲೇ ಹಿಡಿದು ಎತ್ತಿದ. ಹಿಡಿ ಎದ್ದಿತು, ಮೊನೆ ಠಣ್ಣನೆ ನೆಲಕ್ಕೆ ಬಿತ್ತು. ಯಾರೋ ನಕ್ಕರು.

"ಬುದ್ಧೀ," ಎಂದು ಜವರ ದೊರೆಯ ಕಡೆ ತಿರುಗಿದ. "ನಮ್ಮಣ್ಣನ ಕಾಲಿನ ಗುಂಡು ಕೊಡಿಸಬೇಕು."

ದೊರೆ ಸನ್ನೆ ಮಾಡಿದ; ಭಟರು ಒಂದು ಕಾಲಿನ ಗುಂಡು ಬಿಚ್ಚಿ ಕೊಟ್ಟರು. ಜವರ ಗುಂಡನ್ನು ತನ್ನ ಹೆಗಲ ವಲ್ಲಿಯಲ್ಲಿ ಸುತ್ತಿ ಹಿಡಿಯ ತುದಿಗೆ ಬಿಗಿದ. ಮತ್ತೆ ಎತ್ತಿದ. ಮೊನೆ ನೆಲ ಬಿಡಲಿಲ್ಲ. ತಲೆ ಕಡಿಯುವ ಕಟುಕ ಒಂದು ಹೆಜ್ಜೆ ಮುಂದೆ ಬಂದ. ಜವರ ಮೊನೆಯನ್ನೇ ನೋಡಿದ. ಲೆಕ್ಕ ತಪ್ಪಿತೇ? ಇಲ್ಲ, ಅಲಗು ಸ್ವಲ್ಪ ಅಲುಗಿತ್ತು.

"ಇನ್ನೊಂದು ಕಾಲಿನದೂ ಬೇಕು!"

ಎರಡನೆಯ ಗುಂಡನ್ನೂ ಕಟ್ಟಿ, ಕಣ್ಣು ಮುಚ್ಚಿ ಎತ್ತಿದ. ಮೊನೆ ನಿಧಾನವಾಗಿ ನೆಲ ಬಿಟ್ಟಿತು, ಎದ್ದಿತು, ಎದೆಯ ಮಟ್ಟಕ್ಕೆ ಬಂದು ಅಡ್ಡಡ್ಡ ನಿಂತಿತು. ಅವನು ಮೆಲ್ಲಗೆ ಹೊರಳಿಸಿ ಮೊನೆಯನ್ನು ಪಕ್ಕದ ಕಂಬದಿಂದ ಬೆರಳಷ್ಟು ದೂರದಲ್ಲಿ ನಿಲ್ಲಿಸಿದ. ಕಂಬದ ಬಣ್ಣಕ್ಕೂ ಗೀರು ಬೀಳಲಿಲ್ಲ.

"ಹೊರುವ ಭಾರ ಹೆಚ್ಚಾಗಿದೆ, ಬುದ್ಧೀ," ಎಂದ ಏದುಸಿರು ಬಿಡುತ್ತ. "ಆದರೆ ಅಲಗು ಆ ಕಡೆ ಎಳೆದಷ್ಟೇ ಗುಂಡು ಈ ಕಡೆ ಎಳೆಯುತ್ತೆ. ಮಣಿಕಟ್ಟು ತಿರುಚೋದು ನಿಂತಿತು. ಹಗುರಾಗಿದ್ದು ಅದು."

"ಅರ್ಧ ರಾಜ್ಯ ನಿನ್ನದು," ಎಂದ ದೊರೆ.

"ರಾಜ್ಯ ಬೇಡ ಬುದ್ಧೀ. ಅದರ ಬದಲು ಈ ಹತ್ತೊಂಬತ್ತು ತಲೆ ಕೊಡಿ."

"ಡಂಗುರದಲ್ಲಿ ಹಾಗೆ ಹೇಳಿರಲಿಲ್ಲ."

"ಕೊಡಿ, ಅಪ್ಪಾಜಿ!" ಎಂದು ಕುಮಾರಿ ಎದ್ದು ನಿಂತಳು. "ಮೂರು ವಾರದಿಂದ ನನಗೆ ನಿದ್ದೆಯಿಲ್ಲ."

ದೊರೆ ಒಪ್ಪಿ ತಲೆಯಾಡಿಸಿದ. ಬೇಡಿಗಳು ಕಳಚಿದವು. ಜವರ ಅಣ್ಣನ ತೋಳು ಹಿಡಿದು ಬಾಗಿಲಿನ ಕಡೆ ಹೊರಟ.

"ನಿಲ್ಲು," ಎಂದಳು ಹೊನ್ನಾಜಿ. "ಗೆದ್ದವನಿಗೆ ನನ್ನ ಕೈಯನ್ನೂ ಕೊಡುವ ಮಾತಿತ್ತು. ಅದೂ ಬೇಡವೋ?"

"ಏತದ ಆಳಿಗೆ ಅದನ್ನು ಕೇಳೋ ಧೈರ್ಯ ಎಲ್ಲಿಂದ ಬರಬೇಕು, ತಾಯಿ?"

"ಮೊದಲು ಆ ತಾಯಿ ಅನ್ನೋದನ್ನು ಬಿಡು," ಎಂದಳು ಅವಳು. ಇಡೀ ಸಭೆ ನಕ್ಕಿತು, ದೊರೆಯೂ ನಕ್ಕ.

ಹುಣ್ಣಿಮೆಗೆ ಮದುವೆಯಾಯಿತು. ಸೋತ ಹತ್ತೊಂಬತ್ತು ಮಂದಿಯೂ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡರು. ತುಪ್ಪ ಬಡಿಸಿದವನು ಕಟುಕ.